ಕೆಳಗಿನ ನಾಲ್ಕು ಹಲ್ಲು

ಇನ್ನೊಬ್ಬರ ಬಾಯಿಯೊಳಗಿನ ಸಂಗತಿಯನ್ನು ಹತ್ತು ಜನರ ಮುಂದೆ ತೆಗೆದು ಹೇಳುವುದು ಮರ್ಯಾದಸ್ಥರ ಕೆಲಸವಲ್ಲ. ಅದರಲ್ಲೂ ವಯಸ್ಸಾದ ಹೆಂಗಸೊಬ್ಬಳ ಬಾಯಿ. ಓದುವವರು ಮೊದಲೇ ಕ್ಷಮಿಸಬೇಕು. ಹಲ್ಲಿನ ವಿದ್ಯೆಯನ್ನು ಕ್ರಮವಾಗಿ ಓದಿದವರು ಇದನ್ನು ಹೇಳಿದ್ದರೆ ತಪ್ಪುಗಳು ಕಡಿಮೆ ಇರುತ್ತಿದ್ದವು. ಆದರೆ ಅವರು ಇಂಥವನ್ನು ದಿನಕ್ಕೆ ನಾಲ್ಕು ನೋಡುತ್ತಾರೆ, ಅವರಿಗೆ ಇದು ಹೇಳುವಷ್ಟು ದೊಡ್ಡದಲ್ಲ. ಹೈದರಾಬಾದಿನ ಮಣಿಕೊಂಡದ ಒಂದು ಮನೆಯಲ್ಲಿ ಒಬ್ಬ ಸೊಸೆಗೆ ಮಾತ್ರ ಇದು ದೊಡ್ಡದಾಗಿ ಕೂತುಬಿಟ್ಟಿತು.

ಸೊಸೆಯ ಹೆಸರು ಶೀತಲ. ವಯಸ್ಸು ಮೂವತ್ತೈದು. ಗಂಡ ಗುರುಬಸವ ಮಾದಾಪುರದ ಒಂದು ಕಂಪನಿಯಲ್ಲಿ ನೌಕರರನ್ನು ಕರೆತರುವ ಕ್ಯಾಬುಗಳ ಉಸ್ತುವಾರಿ ನೋಡುತ್ತಿದ್ದ. ಮದುವೆಯಾಗಿ ಹೈದರಾಬಾದಿಗೆ ಬಂದ ಮೇಲೆ ಶೀತಲ ಸುಮ್ಮನೆ ಕೂರಲಾರದೆ ಅಮೀರ್‌ಪೇಟ್‌ನಲ್ಲಿ ಸಂಜೆ ಆರರಿಂದ ಎಂಟರವರೆಗೆ ನಡೆಯುವ ಒಂದು ಕೋರ್ಸಿಗೆ ಸೇರಿದಳು. ಹಲ್ಲಿನ ದವಾಖಾನೆಯಲ್ಲಿ ಡಾಕ್ಟರಿಗೆ ಸಹಾಯ ಮಾಡುವವರ ಕೋರ್ಸು. ಮೇಲಿನ ಮಹಡಿಯಲ್ಲಿ ಜಾವಾ, ಕೆಳಗಿನ ಮಹಡಿಯಲ್ಲಿ ಟ್ಯಾಲಿ, ನಡುವಿನ ಒಂದು ಕಿರಿದಾದ ಕೋಣೆಯಲ್ಲಿ ಇವರ ಹಲ್ಲು. ಆರು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಆಮೇಲೆ ಮಣಿಕೊಂಡದಲ್ಲೇ ಡಾಕ್ಟರ್ ಅನುರಾಧಾ ಅವರ ದವಾಖಾನೆಯಲ್ಲಿ ಕೆಲಸ ಸಿಕ್ಕಿತು.

ಅಲ್ಲಿ ಸಾಮಾನು ಕುದಿಸಿ ಇಡುವುದು, ಬಾಯಿಯೊಳಗಿನ ನೀರು ಎಳೆಯುವ ನಳಿಗೆ ಹಿಡಿಯುವುದು ಇತ್ಯಾದಿ ಇದ್ದವು. ಅದಕ್ಕಿಂತ ಮುಖ್ಯವಾದದ್ದು ತಿಳಿಸಿ ಹೇಳುವ ಕೆಲಸ. ಡಾಕ್ಟರಿಗೆ ಪುರಸೊತ್ತಿಲ್ಲ. ಪೇಷಂಟುಗಳಿಗೆ ಏನು ಮಾಡುತ್ತಾರೆ, ಆಮೇಲೆ ಏನಾಗುತ್ತದೆ, ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕು ಎಂಬುದನ್ನೆಲ್ಲ ಶೀತಲಳೇ ಹೇಳಬೇಕು. ಕೈಯಲ್ಲಿ ದೊಡ್ಡದೊಂದು ಪ್ಲಾಸ್ಟಿಕ್ ದವಡೆ ಹಿಡಿದು, ತೆಲುಗಿನವರಿಗೆ ತೆಲುಗಿನಲ್ಲಿ, ಹಿಂದಿಯವರಿಗೆ ಹಿಂದಿಯಲ್ಲಿ ಹೇಳುತ್ತಿದ್ದಳು. ಬ್ರಷ್ಷು ಮೆತ್ತಗಿರಲಿ. ಹಲ್ಲು ಮತ್ತು ವಸಡು ಕೂಡುವ ಗೆರೆಯ ಮೇಲೆ ಓರೆಯಾಗಿ ಇಡಿ, ಕಟ್ಟಿಗೆ ಕೊಯ್ದಂತೆ ಎಳೆಯಬೇಡಿ. ಎರಡು ನಿಮಿಷ. ಬೆಳಿಗ್ಗೆ ಒಮ್ಮೆ, ಮಲಗುವ ಮುಂಚೆ ಒಮ್ಮೆ. ಎಷ್ಟೇ ದಣಿದಿದ್ದರೂ ಮಲಗುವ ಮುಂಚಿನದನ್ನು ಬಿಡಬೇಡಿ. ಹಲ್ಲುಗಳ ಸಂದಿಗೆ ಸಣ್ಣ ಬ್ರಷ್ಷು ಬೇರೆ ಇದೆ. ರಕ್ತ ಬಂತೆಂದು ಹೆದರಿ ತಿಕ್ಕುವುದನ್ನು ನಿಲ್ಲಿಸಬೇಡಿ. ಅಲ್ಲಿ ಸ್ವಚ್ಛವಾಗಿಲ್ಲ ಎಂದೇ ರಕ್ತ ಬರುವುದು.

ಇಷ್ಟು ಹೇಳಿ ಕಳಿಸಿದ ಮೇಲೂ ಅವಳಿಗೆ ಸಮಾಧಾನವಿಲ್ಲ. ನಾಲಿಗೆ ಕೆರೆಯುವುದನ್ನು ಹೇಳಿದೆನೋ ಇಲ್ಲವೋ ಎಂದು ದಾರಿಯಲ್ಲಿ ನೆನಪು ಮಾಡಿಕೊಳ್ಳುವಳು. ಒಂದೆರಡು ಸಲ ಪೇಷಂಟಿನ ಮನೆಗೆ ಫೋನ್ ಮಾಡಿ ಹೇಳಿದ್ದೂ ಉಂಟು. ಡಾಕ್ಟರ್ ಅನುರಾಧಾ ನಗುತ್ತಿದ್ದರು. "ನಿನ್ನ ಕೈಗೆ ಸಿಕ್ಕವರು ಒಂದು ಮಾತನ್ನೂ ತಪ್ಪಿಸಿಕೊಂಡು ಹೋಗುವ ಹಾಗಿಲ್ಲ."

ಇಂಥವಳು ಒಂದೇ ಒಂದು ಮಾತನ್ನು ಬಿಟ್ಟಳು. ಅದು ತನ್ನ ಅತ್ತೆಗೆ ಹೇಳಬೇಕಾಗಿದ್ದ ಮಾತು.

ಅತ್ತೆ ಎಂದರೆ ಬಸಲಿಂಗಮ್ಮ. ಗುರುಬಸವನ ತಾಯಿ, ಶೀತಲಳ ಅಪ್ಪನ ಸ್ವಂತ ಅಕ್ಕ. ಶೀತಲಳಿಗೆ ಐದು ವರ್ಷವಿದ್ದಾಗ ತಾಯಿ ತೀರಿಕೊಂಡಳು. ಆಮೇಲೆ ಅವಳ ತಲೆ ಬಾಚಿದವಳು, ಜ್ವರ ಬಂದಾಗ ಪಕ್ಕದಲ್ಲಿ ಮಲಗಿದವಳು, ಕೊನೆಗೆ ತನ್ನ ಮಗನಿಗೇ ತಂದುಕೊಂಡವಳು ಈ ಅತ್ತೆ. ಆಳಂದದ ಕಡೆಯವಳು. ಗಂಡ ಹೋದ ಮೇಲೆ ಮಣಿಕೊಂಡಕ್ಕೆ ಬಂದು ಆರು ವರ್ಷವಾಗಿತ್ತು. ವಯಸ್ಸು ಅರವತ್ತೆರಡು. ನಡಿಗೆ ಗಟ್ಟಿ, ಮಾತು ಇನ್ನೂ ಗಟ್ಟಿ. ಬೆಳಗಿನ ರೊಟ್ಟಿ ಅವಳದೇ ಕೈಯಿಂದ ಆಗಬೇಕು.

ಹದಿನೈದು ದಿನಕ್ಕೊಮ್ಮೆ ರೊಟ್ಟಿ ಬಡಿದು ಮುಗಿದ ಮೇಲೆ ಅತ್ತೆ ಒಲೆಯ ಮೇಲೆ ಹಳೆಯದೊಂದು ಹಂಚು ಇಟ್ಟು ತಂಬಾಕಿನ ಎಲೆ ಹುರಿಯುತ್ತಿದ್ದಳು. ಎಲೆ ಕರ್ರಗಾಗಿ, ಹಿಚುಕಿದರೆ ಪುಡಿಯಾಗುವ ಹದಕ್ಕೆ ಬಂದಾಗ ಇಳಿಸಿ, ಕುಟ್ಟಿ, ಹಳೆಯ ಸೀರೆಯ ತುಂಡಿನಲ್ಲಿ ಸೋಸಿ, ಖಾಲಿ ಪೌಡರ್ ಡಬ್ಬಿಗೆ ತುಂಬುವಳು. ಇದೇ ಮಿಶ್ರಿ. ಆ ಸೀಮೆಯ ಹೆಂಗಸರು ಬೆರಳಿನಲ್ಲಿ ಅದ್ದಿ ಹಲ್ಲಿಗೆ, ವಸಡಿಗೆ ತಿಕ್ಕುವ ಪುಡಿ. ಮೊದಲ ಸಲ ಫ್ಲ್ಯಾಟಿನಲ್ಲಿ ಹುರಿದಾಗ ಹೊಗೆಯ ಘಾಟಿಗೆ ಐದನೇ ಮಹಡಿಯವರೆಲ್ಲ ಕೆಮ್ಮಿದರು. ಕೆಳಗಿನಿಂದ ವಾಚ್‌ಮನ್ ಓಡಿ ಬಂದ.

"ಏಮೈಂದಮ್ಮಾ? ಏದೋ ಕಾಲುತೋಂದಿ!"

"ಏನೂ ಸುಟ್ಟಿಲ್ಲೋ ತಮ್ಮಾ, ಹಲ್ಲುಪುಡಿ ಮಾಡಾಕತ್ತೀನಿ. ನಿನಗೂ ಚೂರು ಬೇಕನು?" ಎಂದು ಅತ್ತೆ ಡಬ್ಬಿ ಮುಂದೆ ಹಿಡಿದಳು. ವಾಚ್‌ಮನ್ ಸೀನುತ್ತಾ ಇಳಿದು ಹೋದ.

ಗುರುಬಸವ ಹೊಟ್ಟೆಯಲ್ಲಿದ್ದಾಗ ಅತ್ತೆಗೆ ಹಲ್ಲು ನೋವು ಬಂದಿತ್ತಂತೆ. ಅವಳ ಅತ್ತೆ ಒಂದು ಚಿಟಿಕೆ ಮಿಶ್ರಿ ಕೊಟ್ಟು ತಿಕ್ಕಿಕೋ ಎಂದಿದ್ದಳು. ನೋವು ಜೋಮು ಹಿಡಿದು ನಿಂತಿತು. ಅಲ್ಲಿಂದ ನಲವತ್ತು ವರ್ಷ. ಮುಂಜಾನೆ ಸ್ನಾನ ಮಾಡಿ ಕೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂರುವ ಮುನ್ನ ಬಾಯಿ ಶುದ್ಧವಾಗಬೇಕು, ಶುದ್ಧವಾಗಬೇಕೆಂದರೆ ಮಿಶ್ರಿ ಬೇಕು ಎಂಬುದು ಅವಳ ನಡಾವಳಿ. ಬಾಯಿಯ ಸ್ವಚ್ಛತೆಯಲ್ಲಿ ಆ ಮನೆಯಲ್ಲಿ ತನ್ನಷ್ಟು ನೇಮದವರು ಇನ್ನೊಬ್ಬರಿಲ್ಲ ಎಂದೇ ಅವಳು ತಿಳಿದಿದ್ದಳು.

"ಅತ್ತಿ, ಅದು ಹಲ್ಲುಪುಡಿ ಅಲ್ಲ. ತಂಬಾಕು," ಎಂದು ಶೀತಲ ಎಷ್ಟೋ ಸಲ ಹೇಳಿದ್ದಳು.

"ತಂಬಾಕು ತಿನ್ನಾವ್ರು ಬ್ಯಾರೆ, ತಿಕ್ಕಾವ್ರು ಬ್ಯಾರೆ. ನಾ ಏನ್ ನುಂಗತೀನೇನು? ಉಗುಳತೀನಿ. ಮುಂಜಾನಿ ಒಮ್ಮೆ, ಉಂಡಮ್ಯಾಲ ಒಮ್ಮೆ, ಸಂಜಿಕ ಒಮ್ಮೆ. ಮೂರು ಹೊತ್ತು ತಿಕ್ಕಾಕಿಗೆ ನೀ ಪಾಠ ಹೇಳತಿ. ನಿನ್ನ ಗಂಡ ಬಾಯಾಗ ಬ್ರಶ್ ಸಿಗಸ್ಕೊಂಡು ಫೋನ್ ನೋಡಕೋತ ನಿಂದರತಾನ, ಅವಂಗ ಹೇಳ ಮದಲ."

ಗುರುಬಸವ ಫೋನಿನಿಂದ ತಲೆ ಎತ್ತದೆ, "ಯವ್ವಾ, ನನ್ನ ಯಾಕ ಎಳೀತಿ ನಡಬರಕ?" ಎನ್ನುವನು. ಮಾತು ನಗೆಯಲ್ಲಿ ಮುಗಿದುಹೋಗುವುದು.

ಹೋದ ವರ್ಷ ಚಳಿಗಾಲ ಶುರುವಾದಾಗ ಒಂದು ಮಧ್ಯಾಹ್ನ ಅತ್ತೆ ಬಾಲ್ಕನಿಯಲ್ಲಿ ಕೂತು ಪೇರಲ ಹಣ್ಣು ಕಚ್ಚಿದಳು. ಕಚ್ಚಿದ ಜಾಗ ಕೆಂಪಾಯಿತು. ಅತ್ತೆ ಅದನ್ನು ನೋಡಿ, ಯಾರೂ ನೋಡಲಿಲ್ಲ ಎಂದುಕೊಂಡು, ಹಣ್ಣನ್ನು ಮೆಲ್ಲಗೆ ಆ ಕಡೆ ತಿರುಗಿಸಿ ಇನ್ನೊಂದು ಬದಿಯಲ್ಲಿ ದವಡೆಯಿಂದ ಕಚ್ಚಲು ನೋಡಿದಳು. ಬಟ್ಟೆ ಒಣಹಾಕುತ್ತಿದ್ದ ಶೀತಲ ನೋಡಿದಳು. ಅಂದಿನಿಂದ ಅವಳಿಗೆ ಅತ್ತೆ ನಕ್ಕಾಗಲೆಲ್ಲ ಆ ಬಾಯಿಯೊಳಗೇ ಕಣ್ಣು ಹೋಗುತ್ತಿತ್ತು. ಕೆಳಗಿನ ಮುಂದಿನ ನಾಲ್ಕು ಹಲ್ಲುಗಳ ಬುಡದಲ್ಲಿ ಕಪ್ಪು ಕಿಟ್ಟ ಒಂದೇ ಗೋಡೆಯಂತೆ ಕಟ್ಟಿತ್ತು. ವಸಡು ಕೆಳಗೆ ಜಾರಿ, ಹಲ್ಲುಗಳು ಉದ್ದವಾಗಿ ಕಾಣುತ್ತಿದ್ದವು. ದಿನಾ ಹತ್ತು ಜನರಿಗೆ ಪ್ಲಾಸ್ಟಿಕ್ ದವಡೆ ತೋರಿಸಿ ಹೇಳುವವಳು ತನ್ನ ಮನೆಯ ಬಾಯಿಯನ್ನು ಆರು ವರ್ಷ ಹೀಗೆ ಬಿಟ್ಟೆನಲ್ಲಾ ಎನಿಸಿತು.

ಬೇಡಿ, ಕಾಡಿ, ಒಂದು ದಿನ ಊಟ ಬಿಟ್ಟು, ಅತ್ತೆಯನ್ನು ದವಾಖಾನೆಗೆ ಕರೆದುಕೊಂಡು ಹೋದಳು. "ನೋಡಾಕಷ್ಟ. ಮುಟ್ಟಂಗಿಲ್ಲ," ಎಂಬ ಕರಾರಿನ ಮೇಲೆ. ಡಾಕ್ಟರ್ ಅನುರಾಧಾ ಕನ್ನಡಿ ಹಿಡಿದು ನೋಡಿದರು, ಎಕ್ಸ್‌ರೇ ತೆಗೆದರು, "ಸರಿ ಅಮ್ಮಾ, ಒಮ್ಮೆ ಸ್ವಚ್ಛ ಮಾಡಿಸಬೇಕು" ಎಂದು ಕಳಿಸಿದರು. ಸಂಜೆ ಪೇಷಂಟುಗಳು ಮುಗಿದ ಮೇಲೆ ಶೀತಲಳನ್ನು ಕರೆದು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು.

"ಹಲ್ಲು ಹಿಡಿದಿರುವ ಎಲುಬು ಕರಗಿಹೋಗಿದೆ ನೋಡು. ಹಿಂದಿನವು ಇನ್ನೂ ಪರವಾಗಿಲ್ಲ. ತಂಬಾಕು ಬಿಟ್ಟು, ದಿನಾ ಸರಿಯಾಗಿ ತಿಕ್ಕಿಕೊಂಡು, ಮೂರು ತಿಂಗಳಿಗೊಮ್ಮೆ ಇಲ್ಲಿಗೆ ಬಂದರೆ ಹತ್ತು ಹನ್ನೆರಡು ಹಲ್ಲು ಬಹಳ ವರ್ಷ ಉಳಿಯುತ್ತವೆ. ಇಲ್ಲವೆಂದರೆ ಒಂದೊಂದೇ ಹೋಗುತ್ತವೆ. ಕೆಳಗಿನ ಈ ನಾಲ್ಕರ ಬಗ್ಗೆ ನಾನು ಏನೂ ಹೇಳಲಾರೆ. ಇವನ್ನು ಈಗ ಕಿಟ್ಟವೇ ಹಿಡಿದು ನಿಲ್ಲಿಸಿದೆ. ಕಿಟ್ಟ ತೆಗೆದ ಮೇಲೆ ಅಲ್ಲಾಡುತ್ತವೆ. ತಂತಿ ಕಟ್ಟಿ ನೋಡಬಹುದು, ನಿಂತರೆ ನಿಂತಾವು. ಆದರೆ ಕಿಟ್ಟ ತೆಗೆಯದೆ ಬಿಡುವ ಹಾಗಿಲ್ಲ, ಕೆಳಗೆ ಕೀವಿದೆ." ಅವರು ಎಕ್ಸ್‌ರೇ ಕೆಳಗಿಟ್ಟರು. "ಇದನ್ನು ಮೊದಲೇ ಹೇಳು ಶೀತಲ. ಆಮೇಲೆ ಹೇಳಿದರೆ ನೆಪ ಹೇಳಿದ ಹಾಗಾಗುತ್ತದೆ."

ಶೀತಲ ಅದನ್ನೇ ಹೇಳಬೇಕೆಂದು ಮನೆಗೆ ಬಂದಳು. ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡಳು. ಒಳಗೆ ಬಂದರೆ ಮೂರನೇ ಮಹಡಿಯ ಸುಗಲಮ್ಮ ಅತ್ತೆಯ ಪಕ್ಕದಲ್ಲಿ ಕೂತಿದ್ದಳು. ಅವಳು ಯಾದಗಿರಿ ಕಡೆಯವಳು. ಅವಳ ಸೊಂಟದ ಚೀಲದಲ್ಲೂ ಒಂದು ಮಿಶ್ರಿ ಡಬ್ಬಿ.

"ಬಾ ಬಾ, ಡಾಕ್ಟರಮ್ಮ ಬಂದಳು," ಎಂದಳು ಸುಗಲಮ್ಮ. "ಹಲ್ಲು ತೊಳಸಾಕ ಒಯ್ಯಾಕತ್ತಿಯಂತಲ್ಲ ಅಕ್ಕನ್ನ? ಬ್ಯಾಡವಾ ತಾಯಿ. ನಮ್ಮ ಚಿಗವ್ವ ಗುಲಬರ್ಗಾದಾಗ ತೊಳಸಿದಳು. ಹೋಗೂಮುಂದ ಕಬ್ಬು ಸುಲದು ತಿಂತಿದ್ದಳು, ಬಂದಮ್ಯಾಲ ಎಲ್ಲಾ ಹಲ್ಲು ತೊಟ್ಟಲ ತೂಗಿದಂಗ ತೂಗಾಕತ್ತಿದ್ವು. ಮಿಶನ್ ಹಚ್ಚಿ ಸಡ್ಲ ಮಾಡತಾರವ್ವ ಅವ್ರು. ಮತ್ತ ಮತ್ತ ಬರಲಿ ಅಂತ."

ಅತ್ತೆ ಶೀತಲಳ ಮುಖ ನೋಡಿದಳು. ಆ ನೋಟದಲ್ಲಿ ತಮಾಷೆ ಇರಲಿಲ್ಲ.

"ನೀ ಹೇಳ ಶೀತಲಾ. ಮಂದಿ ಮಾತು ನನಗ ಬ್ಯಾಡ. ತೊಳಸಿದ್ರ ಹಲ್ಲು ಅಲ್ಲಾಡತಾವೋ ಇಲ್ಲೋ?"

ಉತ್ತರ ಅವಳ ಬಾಯಲ್ಲೇ ಇತ್ತು. ಅಲ್ಲಾಡುತ್ತವೆ ಅತ್ತಿ, ಆದರೆ ಮಿಷನ್‌ನಿಂದಲ್ಲ. ರೋಗದಿಂದ ಆಗಲೇ ಸಡಿಲವಾಗಿವೆ, ಕಿಟ್ಟ ಅದನ್ನು ಮುಚ್ಚಿಟ್ಟಿದೆ. ಇಷ್ಟೇ. ಆದರೆ "ಅಲ್ಲಾಡುತ್ತವೆ" ಎಂಬ ಮೊದಲ ಮಾತು ಬೀಳುತ್ತಿದ್ದ ಹಾಗೆ ಸುಗಲಮ್ಮ ತೊಡೆ ತಟ್ಟುತ್ತಾಳೆ, ಅತ್ತೆ ಎದ್ದು ಒಳಗೆ ಹೋಗುತ್ತಾಳೆ, ಮುಂದಿನ ಮಾತು ಕೇಳಲು ಅಲ್ಲಿ ಯಾರೂ ಇರುವುದಿಲ್ಲ. ಹಿಂದಿನ ಹತ್ತು ಹನ್ನೆರಡು ಹಲ್ಲು ಕೂಡ ಹೋಗುತ್ತವೆ.

"ಇಲ್ಲತ್ತಿ," ಎಂದಳು ಶೀತಲ. "ಒಂದೂ ಅಲ್ಲಾಡಂಗಿಲ್ಲ."

"ನೋಡಿದ್ಯಾ?" ಎಂದು ಅತ್ತೆ ಸುಗಲಮ್ಮನ ಕಡೆ ತಿರುಗಿದಳು. "ನಮ್ಮ ಹುಡುಗಿ ಸುಳ್ಳ ಹೇಳಾಕಿ ಅಲ್ಲ."

ಅಂದು ಮಲಗುವಾಗ ಶೀತಲ ಗಂಡನಿಗೆ ನಡೆದದ್ದನ್ನು ಹೇಳಿದಳು. "ಛಲೋ ಮಾಡಿದಿ," ಎಂದ ಗುರುಬಸವ. "ಖರೆ ಹೇಳಿದ್ರ ಆಕಿ ಜನ್ಮದಾಗ ಬರತಿದ್ದಿಲ್ಲ." ಅವನಿಗೆ ಅಷ್ಟರಲ್ಲಿ ನಿದ್ದೆ ಹತ್ತಿತು.

ಕಿಟ್ಟ ತೆಗೆಯುವ ಮುಂಚೆ ಮೂರು ವಾರ ಮಿಶ್ರಿ ಬಿಡಬೇಕೆಂದು ಡಾಕ್ಟರು ಹೇಳಿದ್ದರು. ಅತ್ತೆ ಡಬ್ಬಿಯನ್ನು ತಾನಾಗಿಯೇ ತಂದು ಶೀತಲಳ ಕೈಯಲ್ಲಿಟ್ಟಳು. ನಲವತ್ತು ವರ್ಷದ ರೂಢಿ ಮೂರು ದಿನದಲ್ಲಿ ಅವಳನ್ನು ಹಣ್ಣು ಮಾಡಿತು. ತಲೆ ಸಿಡಿಯುವುದು. ಹೊಟ್ಟೆ ಕಟ್ಟಿಕೊಂಡು ಹೊರಕಡೆ ಆಗದು. ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಳು. ರೊಟ್ಟಿ ಬಡಿಯುತ್ತಾ ಬಡಿಯುತ್ತಾ ಖಾಲಿ ಬೆರಳನ್ನು ಬಾಯಿಗಿಟ್ಟು ತಿಕ್ಕಿ, ನೆನಪಾಗಿ ತೆಗೆಯುವಳು. ಗುರುಬಸವನ ಮೇಲೆ ಸುಮ್ಮನೆ ಹರಿಹಾಯುವಳು. "ಯವ್ವಾ, ಒಂದು ಚಿಟಿಕಿ ತಿಕ್ಕೊಂಡುಬಿಡ, ನಾವಾದ್ರೂ ಆರಾಮ ಇರತೀವಿ," ಎಂದು ಅವನು ಕೈಮುಗಿದರೆ, "ಮಾತು ಕೊಟ್ಟೀನೋ ಹುಡುಗಿಗೆ," ಎನ್ನುವಳು.

ದಿನಕ್ಕೆ ಎರಡು ಸಲ ಅತ್ತೆ ಸೊಸೆ ಇಬ್ಬರೂ ವಾಶ್‌ಬೇಸಿನ್ ಮುಂದೆ ನಿಲ್ಲುತ್ತಿದ್ದರು. ಶೀತಲ ಮೆತ್ತಗಿನ ಬ್ರಷ್ಷು ತಂದಿದ್ದಳು. ಅತ್ತೆಗೆ ಅದು ನಗೆ.

"ಕುದುರಿ ಬಾಲ ಬಾಯಾಗ ಹಾಕ್ಕೊಂಡಂಗ ಆಗತೈತಿ. ಇದರಲೇ ಏನು ಸ್ವಚ್ಛ ಆಗತೈತವಾ? ಬೆರಳಿಗೆ ಇದ್ದ ಕಸುವು ಇದಕ್ಕೆಲ್ಲೈತಿ?"

"ಕಸುವು ಬ್ಯಾಡತ್ತಿ. ಕೂಸಿನ ಮೈ ತೊಳದಂಗ ತೊಳೀಬೇಕು."

"ಹಂಗ ಹೇಳ ಮತ್ತ, ತಿಳೀತೈತಿ." ಅತ್ತೆ ಅವಳ ಕೈ ನೋಡಿ ನೋಡಿ, ವಸಡಿನ ಗೆರೆಯ ಮೇಲೆ ಬ್ರಷ್ಷನ್ನು ಓರೆಯಾಗಿಟ್ಟು, ಒಳಬದಿ, ಹೊರಬದಿ, ನಾಲಿಗೆ ಎಲ್ಲ ಮುಗಿಸುತ್ತಿದ್ದಳು. ಮೊದಲ ವಾರ ಉಗುಳಿದ್ದೆಲ್ಲ ಕೆಂಪು. ನಿಲ್ಲಿಸೋಣವೇ ಎಂದು ಅತ್ತೆ ಕಣ್ಣಲ್ಲೇ ಕೇಳಿದರೆ ಶೀತಲ ಇಲ್ಲವೆಂದು ತಲೆಯಾಡಿಸುವಳು. ಮೂರನೇ ವಾರ ಒಂದು ಬೆಳಿಗ್ಗೆ ಅತ್ತೆ ಕೂಗಿ ಕರೆದಳು. "ಏ ಶೀತಲಾ, ಬಾ ಇಲ್ಲಿ! ಇವತ್ತು ಬೆಳ್ಳಗ ಬಂತು ನೋಡ!" ಬೇಸಿನ್ನಿನಲ್ಲಿ ಬರಿಯ ನೊರೆ. ಅರವತ್ತೆರಡು ವರ್ಷದ ಹೆಂಗಸು ಸಣ್ಣ ಹುಡುಗಿಯಂತೆ ನಿಂತಿದ್ದಳು.

ಅವತ್ತು ಹೇಳಬಹುದಾಗಿತ್ತು. ಶೀತಲ ಬಾಯಿ ತೆರೆದಳು ಕೂಡ. ಇಷ್ಟು ಸಂತೋಷದಲ್ಲಿರುವಾಗ ಬೇಡ, ಸಂಜೆ ಹೇಳೋಣ ಎಂದುಕೊಂಡಳು. ಸಂಜೆ ಅತ್ತೆಗೆ ತಲೆನೋವಿತ್ತು. ನಾಳೆ ಎಂದುಕೊಂಡಳು. ಮರುದಿನ ಗುರುಬಸವ ಬೇಗ ಬಂದಿದ್ದ. ಹೀಗೆ ಪ್ರತಿ ದಿನಕ್ಕೂ ಅವಳ ಹತ್ತಿರ ಒಂದು ಕಾರಣವಿತ್ತು, ಮತ್ತು ಯಾವ ಕಾರಣವೂ ಸುಳ್ಳಾಗಿರಲಿಲ್ಲ.

ಕಿಟ್ಟ ತೆಗೆಯುವ ದಿನ ಡಾಕ್ಟರ್ ಅನುರಾಧಾ ಕೈಗವಸು ಹಾಕಿಕೊಳ್ಳುತ್ತಾ ತೆಲುಗಿನಲ್ಲಿ ಕೇಳಿದರು, "ಎಲ್ಲಾ ಹೇಳಿದ್ದೀಯಲ್ಲ?"

"ಹೇಳಿದ್ದೀನಿ ಮೇಡಂ."

ಒಪ್ಪಿಗೆಯ ಕಾಗದ ಇಂಗ್ಲಿಷಿನಲ್ಲಿತ್ತು. ಅತ್ತೆ ಅದನ್ನು ನೋಡಲೂ ಇಲ್ಲ. ಶೀತಲ ಬೆರಳಿಟ್ಟು ತೋರಿಸಿದ ಕಡೆ ಒಂದೊಂದೇ ಅಕ್ಷರ ಕೂಡಿಸಿ ಬಸಲಿಂಗಮ್ಮ ಎಂದು ಬರೆದಳು.

ಮುಕ್ಕಾಲು ಗಂಟೆ ಹಿಡಿಯಿತು. ನಳಿಗೆ ಹಿಡಿದವಳು ಶೀತಲಳೇ. ಕಪ್ಪು ಚೂರುಗಳು ಒಡೆದ ಹುಣಸೆ ಬೀಜದ ಹಾಗೆ ತಟ್ಟೆಗೆ ಬಿದ್ದವು. ಅತ್ತೆ ಕಣ್ಣು ಮುಚ್ಚಿ, ಒಂದು ಕೈಯಲ್ಲಿ ಶೀತಲಳ ಸೆರಗು ಹಿಡಿದುಕೊಂಡಿದ್ದಳು. ಮುಗಿದ ಮೇಲೆ ಎದ್ದು ಕೂತು ನಾಲಿಗೆಯನ್ನು ಕೆಳಗಿನ ಹಲ್ಲುಗಳ ಹಿಂದೆ ಆಡಿಸಿದಳು.

"ಶೀತಲಾ, ಇಲ್ಲಿ ಗಾಳಿ ಹೊಕ್ಕತೈತಲ್ಲ."

"ಕಿಟ್ಟ ಹೋತಲ್ಲ ಅತ್ತಿ, ಅದಕ್ಕ."

ಮರುದಿನ ಬೆಳಿಗ್ಗೆ ಅತ್ತೆ ವಾಶ್‌ಬೇಸಿನ್ ಮುಂದೆ ಬಹಳ ಹೊತ್ತು ನಿಂತಿದ್ದಳು. ಎರಡು ಬೆರಳಲ್ಲಿ ಒಂದು ಹಲ್ಲು ಹಿಡಿದು ಮೆಲ್ಲಗೆ ಆ ಕಡೆ ಈ ಕಡೆ ಮಾಡಿದಳು. ಆಮೇಲೆ ಪಕ್ಕದ್ದು. ಆಮೇಲೆ ಅದರ ಪಕ್ಕದ್ದು.

"ನಾಲ್ಕೂ ಅಲ್ಲಾಡಾಕತ್ತಾವ," ಎಂದಳು. ಸಿಟ್ಟಿರಲಿಲ್ಲ. ಎಣಿಸಿ ಹೇಳಿದ ಹಾಗಿತ್ತು.

"ಹೊಸದಾಗಿ ಎರಡು ದಿನ ಹಂಗ ಅನಸತೈತಿ ಅತ್ತಿ. ಆಮ್ಯಾಲ ಬಿಗಿ ಆಗತಾವ," ಎಂದಳು ಶೀತಲ. ಹಿಂದಿನ ಹಲ್ಲುಗಳಿಗೆ ಇದು ಸ್ವಲ್ಪ ಮಟ್ಟಿಗೆ ನಿಜ. ಈ ನಾಲ್ಕಕ್ಕೆ ಅಲ್ಲ. ಅದು ಗೊತ್ತಿದ್ದೇ ಹೇಳಿದಳು.

ಎಂಟು ದಿನಕ್ಕೆ ಕಡಕ್ ರೊಟ್ಟಿ ಕಚ್ಚಿ ಮುರಿಯುವಾಗ ನಡುವಿನ ಒಂದು ಹಲ್ಲು ಮುಂದಕ್ಕೆ ವಾಲಿತು. ಅತ್ತೆ ರೊಟ್ಟಿ ತಟ್ಟೆಯಲ್ಲಿಟ್ಟು ಎದ್ದಳು. ಸುಗಲಮ್ಮನನ್ನು ಕರೆದುಕೊಂಡು ತಾನೇ ದವಾಖಾನೆಗೆ ಹೋದಳು. ಅಲ್ಲಿದ್ದ ಶೀತಲಳಿಗೆ ಅವರಿಬ್ಬರೂ ಬಾಗಿಲು ತಳ್ಳಿ ಬರುವುದು ಕಂಡಾಗ ಕೈಯಲ್ಲಿದ್ದ ತಟ್ಟೆಯನ್ನು ಎಲ್ಲಿಡಬೇಕೆಂದೇ ತೋಚಲಿಲ್ಲ.

ಡಾಕ್ಟರ್ ಅನುರಾಧಾ ಹಲ್ಲು ಮುಟ್ಟಿ ನೋಡಿದರು. ಗಾಬರಿಯಾಗಲಿಲ್ಲ. ತಂತಿ ಕಟ್ಟಿ ನೋಡೋಣ ಎಂದರು. ಅತ್ತೆಗೆ ತಿಳಿಯಲೆಂದು ಹಿಂದಿಯಲ್ಲೇ ಹೇಳಿದರು, "ಅಮ್ಮಾ, ಯೇ ದಾಂತ್ ಹಿಲೇಂಗೇ ಕರ್‌ಕೇ ಪೆಹಲೇಚ್ ಬೋಲೇ ಥೇ ನಾ. ಶೀತಲ ನೆ ಬತಾಯಾ ಥಾ ನಾ ಆಪ್‌ಕೋ?"

ಈ ಹಲ್ಲು ಅಲ್ಲಾಡುತ್ತವೆ ಎಂದು ಮೊದಲೇ ಹೇಳಿದ್ದೆವಲ್ಲ, ಶೀತಲ ತಿಳಿಸಿದ್ದಳಲ್ಲ ಎಂಬ ಆ ಮಾತು ಅತ್ತೆಗೆ ಪೂರ್ತಿ ತಿಳಿಯಿತು. ಆಳಂದದ ಸಂತೆಯಲ್ಲಿ ಬೆಳೆದವಳಿಗೆ ಅಷ್ಟು ಹಿಂದಿ ತಿಳಿಯದೇ? ಅವಳು ಶೀತಲಳ ಕಡೆ ನೋಡಿದಳು. ಸುಗಲಮ್ಮ ಕೂಡ ನೋಡಿದಳು, ಮತ್ತು ಅವಳ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಅದು ಇದ್ದಿದ್ದರೆ ಶೀತಲಳಿಗೆ ಎಷ್ಟೋ ಹಗುರವಾಗುತ್ತಿತ್ತು.

"ಹಾಂ, ಬತಾಯಾ ಥಾ," ಎಂದಳು ಅತ್ತೆ. ಡಾಕ್ಟರ ಮುಂದೆ ಸೊಸೆಯನ್ನು ಬಿಟ್ಟುಕೊಡಲಿಲ್ಲ. "ತಂತಿ ನಕ್ಕೋ," ಎಂದು ಬೇಡವೆಂಬಂತೆ ಕೈಯಾಡಿಸಿ ಎದ್ದು ಸೀರೆ ಸರಿಮಾಡಿಕೊಂಡಳು.

ಮನೆಗೆ ಬಂದ ಮೇಲೆ ಶೀತಲ ಕಾಲು ಹಿಡಿದಳು. ಎಲ್ಲವನ್ನೂ ಹೇಳಿದಳು: ಎಲುಬು ಕರಗಿದ್ದು, ಕಿಟ್ಟವೇ ಹಲ್ಲನ್ನು ಹಿಡಿದಿದ್ದು, ಒಳಗೆ ಕೀವಿದ್ದದ್ದು, ಮಿಷನ್ನಿನದು ತಪ್ಪಲ್ಲ, ಹಿಂದಿನ ಹಲ್ಲುಗಳನ್ನು ಈಗಲೂ ಉಳಿಸಬಹುದು ಎನ್ನುವುದು. ಡಾಕ್ಟರು ಹೇಳಿದ್ದರಲ್ಲಿ ಒಂದು ಮಾತನ್ನೂ ಬಿಡಲಿಲ್ಲ. ಅತ್ತೆ ಕೊನೆಯವರೆಗೂ ಕೇಳಿದಳು.

"ಏಳವಾ ಮ್ಯಾಲ. ಹಲ್ಲಿಂದೇನೈತಿ, ಅರವತ್ತು ದಾಟೇನಿ. ಸಣ್ಣ ಹುಡುಗರಿಗೆ ಸೂಜಿ ಚುಚ್ಚೂಮುಂದ ಇರವಿ ಕಡದಂಗ ಆಗತೈತಿ ಅಂತಾರಲ್ಲ, ಹಂಗ ಹೇಳಿದಿ ನನಗ. ಅದಷ್ಟ."

"ಖರೆ ಹೇಳಿದ್ರ ನೀ ಬರತಿದ್ದಿಲ್ಲತ್ತಿ."

"ಬರತಿದ್ದೆನೋ ಇಲ್ಲೋ, ಅದು ನನ್ನ ಮಾತಲ್ಲನು? ನೀನ ಹ್ಯಾಂಗ ಆಡಿಬಿಟ್ಟಿ ಅದನ್ನ?"



ಆಮೇಲೆ ನಡೆದದ್ದರಲ್ಲಿ ಜಗಳವಿಲ್ಲ, ಕೂಗಾಟವಿಲ್ಲ. ಎರಡು ತಿಂಗಳಲ್ಲಿ ಕೆಳಗಿನ ನಾಲ್ಕೂ ಹೋದವು. ಒಂದು ಊಟ ಮಾಡುವಾಗ ಬಿತ್ತು, ಎರಡನ್ನು ಅತ್ತೆಯೇ ಬೆರಳಿನಿಂದ ತೆಗೆದಳು, ನಾಲ್ಕನೆಯದು ಯಾವಾಗ ಹೋಯಿತೆಂದು ಅವಳು ಹೇಳಲಿಲ್ಲ. ಮಿಶ್ರಿ ಮತ್ತೆ ಶುರುವಾಯಿತು. ಫ್ಲ್ಯಾಟಿನಲ್ಲಿ ಹುರಿಯುವುದನ್ನು ಬಿಟ್ಟಳು, ಸುಗಲಮ್ಮನ ಡಬ್ಬಿಯಿಂದ ತರುತ್ತಿದ್ದಳು. ರೊಟ್ಟಿಯನ್ನು ಮೊದಲಿನಂತೆಯೇ ಬಡಿಯುತ್ತಾಳೆ, ಎಲ್ಲರಿಗೂ ಬಿಸಿಬಿಸಿ ಹಾಕುತ್ತಾಳೆ, ತನ್ನದನ್ನು ಬೇಳೆಯಲ್ಲಿ ನೆನೆಸಿಟ್ಟು ಆಮೇಲೆ ತಿನ್ನುತ್ತಾಳೆ. ನಗುವಾಗ ಸೆರಗು ಬಾಯಿಗೆ ಬರುತ್ತದೆ.

ಗುರುಬಸವ ಒಮ್ಮೆ ಹೇಳಿ ನೋಡಿದ. "ಯವ್ವಾ, ಆಕಿ ನಿನ್ನ ಸಲುವಾಗೇ ಮಾಡಿದ್ದು."

"ನನಗ ಗೊತ್ತೈತೋ. ಆಕಿ ಮ್ಯಾಲ ನಂದೇನ್ ಸಿಟ್ಟಿಲ್ಲ," ಎಂದಳು ಅತ್ತೆ.

ಸಿಟ್ಟಿರಲಿಲ್ಲ ಎನ್ನುವುದು ನಿಜ. ನಂಬಿಕೆ ಇರಲಿಲ್ಲ, ಅಷ್ಟೇ. ಮೂರು ತಿಂಗಳಾಯಿತು, 'ಹಿಂದಿನ ಹಲ್ಲು ತೋರಿಸೋಣ ಬಾ ಅತ್ತಿ' ಎಂದರೆ, "ಹೌದನು? ಹಂಗಂತಿ?" ಎಂದು ಸಾವಧಾನವಾಗಿ ಕೇಳಿ, ಕೈಯಲ್ಲಿದ್ದ ಕೆಲಸಕ್ಕೆ ತಿರುಗುತ್ತಾಳೆ. ಹಾಲಿನವನು ನಾಳೆ ಗಟ್ಟಿ ಹಾಲು ತರುತ್ತೇನೆ ಎಂದಾಗಲೂ ಅವಳು ಹೀಗೆಯೇ ಅನ್ನುವುದು. ಮೆತ್ತಗಿನ ಬ್ರಷ್ಷು ಒಣಗಿ ಕೂತಿದೆ. ಶೀತಲ ತನ್ನದನ್ನು ಬದಲಿಸಿದಾಗ ಅದನ್ನೂ ಬದಲಿಸಿ ಹೊಸದಿಟ್ಟಳು. ಅದೂ ಹಾಗೇ ಇದೆ.

ದವಾಖಾನೆಯಲ್ಲಿ ಅವಳು ಈಗ ಎಲ್ಲರಿಗೂ ಎಲ್ಲವನ್ನೂ ಹೇಳುತ್ತಾಳೆ. ಇಪ್ಪತ್ತು ವರ್ಷದ ಹುಡುಗಿ ಸುಮ್ಮನೆ ಹಲ್ಲು ಸ್ವಚ್ಛ ಮಾಡಿಸಲು ಬಂದರೂ, ಅಲ್ಲಾಡಬಹುದು, ಜುಮ್ಮೆನ್ನಬಹುದು, ಸಂದಿ ಕಾಣಬಹುದು, ರಕ್ತ ಬರಬಹುದು ಎಂದು ಎರಡೆರಡು ಸಲ ಹೇಳುತ್ತಾಳೆ. ಅದನ್ನು ಕೇಳಿ ಇಬ್ಬರು ಎದ್ದು ಹೋದರು. ಡಾಕ್ಟರ್ ಅನುರಾಧಾ ಒಳಗೆ ಕರೆದು ಅಂದರು, "ಹೇಳಬೇಕು ಸರಿ, ಹೆದರಿಸಬೇಡ. ಎದ್ದು ಹೋದವರ ಹಲ್ಲಿಗೆ ಯಾರು ಹೊಣೆ?" ಅದೂ ಸರಿಯೇ ಅನ್ನಿಸಿತು ಅವಳಿಗೆ. ಎಷ್ಟು ಹೇಳಿದರೆ ಸರಿ, ಎಲ್ಲಿಂದ ಆಚೆಗೆ ಹೆಚ್ಚು ಎಂಬುದನ್ನು ಆ ಆರು ತಿಂಗಳ ಕೋರ್ಸಿನಲ್ಲಿ ಯಾರೂ ಹೇಳಿರಲಿಲ್ಲ. ಸುಗಲಮ್ಮನಿಗೂ ವಸಡಿನಲ್ಲಿ ಕೀವು ಇದೆ. ಹತ್ತಿರ ಕೂತರೆ ವಾಸನೆಯಿಂದ ಗೊತ್ತಾಗುತ್ತದೆ. ಅವಳಿಗೆ ಶೀತಲ ಏನೂ ಹೇಳುವುದಿಲ್ಲ. ಹೇಳಿದರೆ ಕೇಳುವವರೂ ಈಗ ಯಾರೂ ಇಲ್ಲ.

ನಿಜ ಹೇಳಿದ್ದರೆ ಅತ್ತೆ ಅಂದು ದವಾಖಾನೆಗೆ ಬರುತ್ತಿದ್ದಳೋ ಇಲ್ಲವೋ ಶೀತಲಳಿಗೆ ಗೊತ್ತಿಲ್ಲ. ಮುಟ್ಟದೆ ಬಿಟ್ಟಿದ್ದರೆ ಆ ನಾಲ್ಕು ಹಲ್ಲು ಇನ್ನೂ ಆರು ತಿಂಗಳು ಇರುತ್ತಿದ್ದವೋ ಐದು ವರ್ಷ ಇರುತ್ತಿದ್ದವೋ ಡಾಕ್ಟರಿಗೂ ಗೊತ್ತಿಲ್ಲ; ಕೇಳಿದ್ದಕ್ಕೆ ಅವರು ಹಾಗೆಂದೇ ಹೇಳಿದರು. ಹಿಂದಿನವುಗಳಲ್ಲಿ ಈಗ ಎಷ್ಟು ಉಳಿದಿವೆ, ಎಷ್ಟು ಅಲ್ಲಾಡುತ್ತಿವೆ ಎಂಬುದು ಅತ್ತೆಗೆ ಮಾತ್ರ ಗೊತ್ತಿರಬೇಕು. ಅವಳು ಬಾಯಿ ತೆರೆದು ತೋರಿಸುವುದಿಲ್ಲ. ತೋರಿಸು ಎಂದು ಕೇಳುವ ಹಕ್ಕು ತನಗೆ ಇನ್ನೂ ಇದೆಯೋ ಇಲ್ಲವೋ, ಶೀತಲಳಿಗೆ ಅದೂ ಗೊತ್ತಿಲ್ಲ.